ಸೊಂಟ ನೋಯುವ ಲ್ಯಾಬ್ರಡಾರ್‌ಗೆ ಮಸಾಜ್ ಮಾಡುವುದು ಹೇಗೆ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಮ್ಮ ಲ್ಯಾಬ್ರಡಾರ್‌ಗೆ ಈಗ 11 ವರ್ಷ. ಎಕ್ಸ್‌ರೇ ನೋಡಿದ ಪಶುವೈದ್ಯರು ಸೊಂಟದ ಕೀಲುಗಳು ಸವೆದಿವೆ ಎಂದು ತಿಳಿಸಿ, ಮಾತ್ರೆಗಳ ಜೊತೆಗೆ ಮನೆಯಲ್ಲೇ ಮಸಾಜ್ ಮಾಡಬಹುದು ಎಂದಿದ್ದಾರೆ. ಬೆಳಿಗ್ಗೆ ಏಳಲು ಕಷ್ಟಪಡುವ ಅವಳಿಗೆ ಇದರಿಂದ ನಿಜಕ್ಕೂ ಆರಾಮ ಸಿಗುತ್ತದೆಯೇ? ನಾವು ಹಚ್ಚಿಕೊಳ್ಳುವ ನೋವಿನ ಎಣ್ಣೆಯನ್ನೇ ಬಳಸಬಹುದೇ?

ಉತ್ತರ 1:
ಸವೆದ ಕೀಲನ್ನು ಮಸಾಜ್ ಸರಿಪಡಿಸಲಾರದು. ಆದರೆ ಆ ಕೀಲಿನ ಮೇಲೆ ಭಾರ ಬೀಳದಂತೆ ಹೆಣಗುವ ಸ್ನಾಯುಗಳ ಬಿಗಿತವನ್ನು ಸಡಿಲಿಸಬಲ್ಲದು. ನಿಂತಿರುವ ನಾಯಿಯ ಮೈಭಾರದಲ್ಲಿ ಸುಮಾರು ಶೇಕಡಾ 60ರಷ್ಟು ಸಹಜವಾಗಿಯೇ ಮುಂಗಾಲುಗಳ ಮೇಲಿರುತ್ತದೆ, ಸೊಂಟ ನೋಯುವ ನಾಯಿ ಇನ್ನಷ್ಟು ಭಾರವನ್ನು ಮುಂದಕ್ಕೆ ಹಾಕುತ್ತದೆ. ನಮ್ಮಲ್ಲಿರುವಂತೆ ಹೆಗಲನ್ನು ಎದೆಗೂಡಿಗೆ ಜೋಡಿಸುವ ಮೂಳೆಯ ಆಸರೆ ನಾಯಿಗಳಿಗಿಲ್ಲ. ಅವುಗಳ ಮುಂಗಾಲುಗಳನ್ನು ಮೈಗೆ ಹಿಡಿದಿಟ್ಟಿರುವುದು ಸ್ನಾಯುಗಳೇ. ಆದ್ದರಿಂದ ಕತ್ತು, ಹೆಗಲು, ಬೆನ್ನು ಬೇಗ ಬಿಗಿದುಕೊಳ್ಳುತ್ತವೆ. ಹಲವರು ನೋಯುವ ಸೊಂಟವನ್ನಷ್ಟೇ ಸವರುತ್ತಾರೆ; ನನ್ನ ಅಭಿಪ್ರಾಯದಲ್ಲಿ ಮೊದಲು ಕೈ ಹೋಗಬೇಕಾದದ್ದು ಹೆಗಲಿಗೆ.

ಅವಳು ತಾನಾಗಿಯೇ ಮಲಗಿರುವಾಗ, ಅಂಗೈಯನ್ನು ಪೂರ್ತಿ ಊರಿ, ಕೂದಲು ಮಲಗಿರುವ ದಿಕ್ಕಿನಲ್ಲೇ ಕತ್ತಿನಿಂದ ಬಾಲದ ಬುಡದವರೆಗೆ ನಿಧಾನವಾಗಿ ಸವರಿ. ಮೈ ಸಡಿಲವಾದ ಮೇಲೆ ಹೆಗಲು ಮತ್ತು ತೊಡೆಯ ಮಾಂಸಲ ಭಾಗವನ್ನು ಬೆರಳುಗಳಿಂದ ಸುತ್ತುಸುತ್ತಾಗಿ ಮೆಲ್ಲಗೆ ಒತ್ತಿ. ಬೆನ್ನುಮೂಳೆಯನ್ನಾಗಲಿ ಕೀಲನ್ನಾಗಲಿ ನೇರವಾಗಿ ಒತ್ತಬಾರದು. ಅವಳು ಪದೇಪದೇ ತುಟಿ ನೆಕ್ಕಿಕೊಂಡರೆ, ಮೈ ಬಿಗಿ ಹಿಡಿದರೆ ಅಥವಾ ತಿರುಗಿ ನಿಮ್ಮ ಕೈಯನ್ನು ನೋಡಿದರೆ ಅಲ್ಲಿಗೇ ನಿಲ್ಲಿಸಿ.

ಉತ್ತರ 2:
ನೋವಿನ ಎಣ್ಣೆಯನ್ನು ದಯವಿಟ್ಟು ಹಚ್ಚಬೇಡಿ. ಇಂಥ ಎಣ್ಣೆಗಳಲ್ಲಿ ಸಾಮಾನ್ಯವಾಗಿರುವ ಕರ್ಪೂರ ಮತ್ತು ನೀಲಗಿರಿ ಎಣ್ಣೆ, ನಾಯಿ ಮೈ ನೆಕ್ಕಿಕೊಂಡಾಗ ಹೊಟ್ಟೆ ಸೇರಿ ವಿಷವಾಗಬಲ್ಲವು. ಬರಿಗೈ ಸಾಕು. ಜ್ವರ, ಗಾಯ ಅಥವಾ ಹೊಸ ಗಂಟು ಕಂಡರೆ ಮಸಾಜ್ ಬಿಟ್ಟು ವೈದ್ಯರಿಗೆ ತೋರಿಸಬೇಕು. ಹಿಂಗಾಲುಗಳು ಇದ್ದಕ್ಕಿದ್ದಂತೆ ಸೋತುಹೋದರಂತೂ ಅದು ಬೆನ್ನುಹುರಿಯ ತೊಂದರೆಯಾಗಿರಬಹುದು, ಒಂದು ಗಂಟೆಯೂ ಕಾಯಬೇಡಿ.

ಉತ್ತರ 3:
ಸವರುವಾಗ ಪಕ್ಕೆಲುಬುಗಳು ಕೈಗೆ ಸುಲಭವಾಗಿ ಸಿಗುತ್ತವೆಯೇ ಎಂಬುದನ್ನೂ ಗಮನಿಸಿ. ಸಿಗದಿದ್ದರೆ ತೂಕ ಹೆಚ್ಚಾಗಿದೆ ಎಂದರ್ಥ. 2002ರಲ್ಲಿ ಪ್ರಕಟವಾದ, 48 ಲ್ಯಾಬ್ರಡಾರ್‌ಗಳನ್ನು ಜೀವನವಿಡೀ ಗಮನಿಸಿದ ಅಧ್ಯಯನವೊಂದರಲ್ಲಿ, ಕಾಲುಭಾಗ ಕಡಿಮೆ ಆಹಾರ ಪಡೆದ ನಾಯಿಗಳಲ್ಲಿ ಕೀಲುನೋವು ತಡವಾಗಿ ಕಾಣಿಸಿಕೊಂಡಿತು. ಅವು ಉಳಿದವುಗಳಿಗಿಂತ ಸುಮಾರು ಎರಡು ವರ್ಷ ಹೆಚ್ಚು ಬದುಕಿದವು. ತೂಕ ಇಳಿಯದಿದ್ದರೆ ಮಸಾಜ್‌ನಿಂದ ಸಿಕ್ಕ ಆರಾಮ ಹೆಚ್ಚು ಹೊತ್ತು ಉಳಿಯುವುದಿಲ್ಲ. ನುಣುಪಾದ ನೆಲದ ಮೇಲೆ ಅವಳು ಓಡಾಡುವ ಕಡೆಯೆಲ್ಲ ಜಾರದಂಥ ಚಾಪೆ ಹಾಸಿಡಿ.