ಪೊರಕೆ ಮತ್ತೆ ಹುಡುಗಿಯರ ಕೈಗೇ ಬರುತ್ತೆ, ಏನು ಮಾಡೋದು?

ಯಲಹಂಕ_ಟೀಚರ್: ಸರ್ಕಾರಿ ಶಾಲೆ, ನಾಲ್ಕನೇ ಕ್ಲಾಸು, 36 ಮಕ್ಕಳು. ಹುಡುಗ-ಹುಡುಗಿಯರನ್ನ ಬೆರೆಸಿ ಆರಾರು ಜನರ ತಂಡ ಮಾಡಿ ಕೆಲಸದ ಚಾರ್ಟ್ ಹಾಕಿದೆ. ಮೂರನೇ ದಿನಕ್ಕೇ ಗುಡಿಸೋದು ಹುಡುಗಿಯರು, ಬೆಂಚ್ ಎತ್ತೋದು ಹುಡುಗರು! ವೀಲ್‌ಚೇರ್‌ನಲ್ಲಿ ಬರೋ ಮಗುವೂ ಇದೆ, ಆಟದ ಪಿರಿಯಡ್ ಪೂರ್ತಿ ಬ್ಯಾಗ್ ಕಾಯುತ್ತೆ.

ನಲಿಕಲಿ_ಮೇಷ್ಟ್ರು: ತಂಡಕ್ಕೆ ಕೆಲಸ ಕೊಟ್ಟಿದ್ದೇ ತಪ್ಪು ಮೇಡಂ. ತಂಡದೊಳಗೆ ಹಂಚಿಕೊಳ್ಳೋವಾಗ ಮನೆಯ ಪದ್ಧತಿಯೇ ನುಸುಳುತ್ತೆ. ಒಬ್ಬೊಬ್ಬರ ಹೆಸರಿಗೂ ಬೇರೆಬೇರೆಯಾಗಿ ಕೆಲಸ ಕೊಡಿ. ರಟ್ಟಿನ ಮೇಲೆ ಪೊರಕೆ, ಬೆಂಚು, ಬೋರ್ಡು, ಕುಡಿಯೋ ನೀರು, ತಟ್ಟೆ ಎಣಿಕೆ, ರಂಗೋಲಿ ಅಂತ ಆರು ಚಿತ್ರ ಬರೆಸಿ, ಪಕ್ಕದಲ್ಲಿ ಬಟ್ಟೆ ಕ್ಲಿಪ್ಪಿಗೆ ಹೆಸರು ಚೀಟಿ ಅಂಟಿಸಿ ಸಿಕ್ಕಿಸಿ. ಪ್ರತಿ ಸೋಮವಾರ ಕ್ಲಿಪ್ ಒಂದು ಚಿತ್ರ ಕೆಳಗೆ. ಆರು ವಾರಕ್ಕೆ ಒಂದು ಸುತ್ತು. ಕ್ಲಾಸ್ ಲೀಡರ್‌ನೂ ವಾರಕ್ಕೊಮ್ಮೆ ಬದಲಿಸಿ. "ಅವಳಿಗೆ ಚೆನ್ನಾಗಿ ಬರುತ್ತೆ ಮಿಸ್" ಅಂತ ಅದಲು ಬದಲು ಕೇಳ್ತಾರೆ, ಒಪ್ಪಬೇಡಿ. ಬರದಿದ್ದವನಿಗೇ ಅಭ್ಯಾಸ ಬೇಕಿರೋದು.

ಪ್ರಶ್ನೆ ಕೇಳೋದರಲ್ಲೂ ಇದೇ ಕಥೆ. ಕೈ ಎತ್ತಿದವರನ್ನೇ ಕರೆದರೆ ಮುಂದಿನ ಬೆಂಚಿನ ನಾಲ್ಕು ಹುಡುಗರದ್ದೇ ರಾಜ್ಯ. ಐಸ್‌ಕ್ಯಾಂಡಿ ಕಡ್ಡಿಗೆ ಹೆಸರು ಬರೆದು ಲೋಟದಲ್ಲಿಡಿ. ಮೊದಲು ಪ್ರಶ್ನೆ, ಐದು ಎಣಿಸೋಷ್ಟು ಸುಮ್ಮನಿರಿ, ಆಮೇಲೆ ಕಡ್ಡಿ. ತೆಗೆದ ಕಡ್ಡಿ ವಾಪಸ್ ಲೋಟಕ್ಕೇ ಹಾಕಿ. ಇಲ್ಲದಿದ್ದರೆ ಒಮ್ಮೆ ಉತ್ತರ ಹೇಳಿದ ಮಗು ಕಿಟಕಿ ನೋಡ್ತಾ ಕೂರುತ್ತೆ.

ಖೋಖೋ_ಸರ್: ಖೋ ಖೋದಲ್ಲಿ ಒಂದು ಹುಡುಗ, ಒಂದು ಹುಡುಗಿ ಹೀಗೆ ಕೂರಿಸಿ. ಇಲ್ಲದಿದ್ದರೆ ಹುಡುಗರು ಹುಡುಗರಿಗೇ ಖೋ ಕೊಡ್ತಾರೆ. ವೀಲ್‌ಚೇರ್ ಮಗುವನ್ನ ಸ್ಕೋರ್ ಬರೆಯೋಕೆ ಕೂರಿಸಿ ಕೈ ತೊಳೆದುಕೊಳ್ಳಬೇಡಿ. ರಿಂಗ್ ಎಸೆತ, ಚೆಂಡು ದಾಟಿಸೋದು ಎಲ್ಲರೂ ಕೂತೇ ಆಡಬಹುದು.

ಕ್ಲಾಸ್ ಮಹಡಿ ಮೇಲಿದ್ದರೆ ಕೆಳಗಿನ ಕೋಣೆಗೆ ಬದಲಿಸಿ, ಖರ್ಚಿಲ್ಲದ ಕೆಲಸ. ರ‍್ಯಾಂಪ್ (ಇಳಿಜಾರು ದಾರಿ) ಅಳತೆ 1:12, ಅಂದರೆ ಅರ್ಧ ಅಡಿ ಮೆಟ್ಟಿಲಿಗೆ ಆರು ಅಡಿ ಉದ್ದ. ಮೂರಡಿಗೆ ಮುಗಿಸಿದರೆ ಕುರ್ಚಿ ಹಿಂದಕ್ಕೆ ವಾಲಬಹುದು.

ಪೋಷಕಿ_ಪೀಣ್ಯ: ಶಿಕ್ಷಣ ಹಕ್ಕು ಕಾಯ್ದೆ 2009ರಂತೆ ಶಾಲಾ ಸಮಿತಿಯಲ್ಲಿ (ನಮ್ಮಲ್ಲಿ ಎಸ್‌ಡಿಎಂಸಿ ಅಂತಾರೆ) ಮುಕ್ಕಾಲು ಪಾಲು ಪೋಷಕರು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರು ಇರಬೇಕು. ಎಸ್‌ಡಿಎಂಸಿ ಪುಸ್ತಕದಲ್ಲಿ ಹೆಂಗಸರ ಹೆಸರು ಇರುತ್ತೆ, ಸಭೆಗೆ ಬರೋದು ಗಂಡಂದಿರು. ಬುಧವಾರ ಹನ್ನೊಂದಕ್ಕೆ ಕರೆದರೆ ಗಾರ್ಮೆಂಟ್ಸ್ ಹೆಂಗಸರು ಸಂಬಳ ಬಿಟ್ಟು ಬರ್ತಾರಾ? ಭಾನುವಾರ ಇಡಿ.

ಯಲಹಂಕ_ಟೀಚರ್: ಕ್ಲಿಪ್ ಚಾರ್ಟ್ ಸೋಮವಾರವೇ ಶುರು. ರಂಗೋಲಿಗೆ ಹುಡುಗರ ಹೆಸರು ಬಂದಾಗ ಕ್ಲಾಸ್ ಪೂರ್ತಿ ನಕ್ಕರೆ?

ನಲಿಕಲಿ_ಮೇಷ್ಟ್ರು: ಮೊದಲ ವಾರ ನಗ್ತಾರೆ. ಚುಕ್ಕಿ ಎಣಿಸಿ ಇಡೋದನ್ನ ಗಣಿತದ ಪಿರಿಯಡ್‌ನಲ್ಲಿ ಎಲ್ಲರಿಗೂ ಮೊದಲೇ ಕಲಿಸಿಬಿಡಿ, 5ರಿಂದ 1ರವರೆಗಿನ ಚುಕ್ಕಿ ಸಾಕು.