ಡ್ಯೂಟಿ ಸೊನ್ನೆಯಾದರೂ ಕಾಗದ ತಪ್ಪಲ್ಲ: ಬ್ರೆಕ್ಸಿಟ್ ನಂತರದ ಬ್ರಿಟನ್ ವ್ಯಾಪಾರದ ಬಗ್ಗೆ ಪ್ರಶ್ನೋತ್ತರ

ಈ ವಾರ ಉತ್ತರ ಕೊಡುವವರು ಇಂಗ್ಲೆಂಡಿನ ಫೀಲಿಕ್ಸ್‌ಸ್ಟೋ ಬಂದರಿನ ಹತ್ತಿರ ಕಸ್ಟಮ್ಸ್ ಕ್ಲಿಯರೆನ್ಸ್ ಕೆಲಸ ಮಾಡುವ ನಮ್ಮ ಸದಸ್ಯೆ. ಊರು ದಾವಣಗೆರೆ.

ಪ್ರಶ್ನೆ (ಧಾರವಾಡ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು): ಮೇಡಂ, ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟಿದ್ದು ಗೊತ್ತು. ವ್ಯಾಪಾರ ನೀತಿಯಲ್ಲಿ ನಿಜವಾಗಿ ಏನು ಬದಲಾಯಿತು? ನೋಟ್ಸ್‌ನಲ್ಲಿ ‘ಸ್ವತಂತ್ರ ವ್ಯಾಪಾರ ನೀತಿ’ ಅಂತ ಒಂದೇ ಸಾಲು ಇದೆ.

ಉತ್ತರ: ಒಕ್ಕೂಟದಲ್ಲಿ ಇದ್ದಷ್ಟು ದಿನ ಆಮದು ಸುಂಕದ ವಿಷಯದಲ್ಲಿ ಲಂಡನ್ನಿನ ಮಾತು ಒಂದೇ ನಡೆಯುವಂತಿರಲಿಲ್ಲ. ಎಲ್ಲ ಸದಸ್ಯ ದೇಶಗಳಿಗೂ ಒಂದೇ ಸುಂಕಪಟ್ಟಿ. ಹೊರಗಿನ ದೇಶದ ಜೊತೆ ಒಪ್ಪಂದ ಮಾಡಬೇಕಾದರೂ ಒಕ್ಕೂಟವೇ ಮಾಡಬೇಕು. 2020ರ ಜನವರಿ 31ಕ್ಕೆ ಬ್ರಿಟನ್ ಹೊರಬಂತು, ಆದರೆ ವರ್ಷದ ಕೊನೆಯವರೆಗೆ ಹಳೇ ನಿಯಮಗಳೇ ನಡೆದವು. ನಮ್ಮಂಥವರಿಗೆ ಬ್ರೆಕ್ಸಿಟ್ ಆಗಿದ್ದು 2021ರ ಜನವರಿ 1ಕ್ಕೆ.

ಆವತ್ತಿಂದ ಬ್ರಿಟನ್ನಿಗೆ ತನ್ನದೇ ಸುಂಕಪಟ್ಟಿ. ಒಕ್ಕೂಟದ ಪಟ್ಟಿಯನ್ನೇ ಎದುರಿಗಿಟ್ಟುಕೊಂಡು ಚಿಲ್ಲರೆ ಸುಂಕಗಳನ್ನು ತೆಗೆದರು, ಉಳಿದ ಬಹಳಷ್ಟನ್ನು ಕೆಳಗಿನ ಪೂರ್ಣಾಂಕಕ್ಕೆ ತಂದರು. ಡಿಶ್‌ವಾಶರ್‌ಗೆ 2.7% ಇದ್ದದ್ದು ಸೊನ್ನೆ, ಫ್ರೀಜರ್‌ಗೆ 2.5% ಇದ್ದದ್ದು ಸೊನ್ನೆ. ಕ್ರಿಸ್‌ಮಸ್ ಮರಕ್ಕೂ ಸೊನ್ನೆ, ಅದನ್ನು ಪತ್ರಿಕಾ ಪ್ರಕಟಣೆಯಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದರು! ಆದರೆ ಕಾರಿನ 10% ಮುಟ್ಟಲಿಲ್ಲ, ಸಿದ್ಧ ಉಡುಪಿನ 12% ಮುಟ್ಟಲಿಲ್ಲ, ಕುರಿ-ದನದ ಮಾಂಸದ ಸುಂಕವನ್ನೂ ಉಳಿಸಿಕೊಂಡರು. ಸ್ವದೇಶದ ರೈತರು, ಕಾರ್ಖಾನೆಗಳ ಒತ್ತಡ ಒಂದು ಕಡೆ. ಇನ್ನೊಂದು ಕಡೆ, ಎಲ್ಲವನ್ನೂ ತಾವಾಗಿಯೇ ಇಳಿಸಿಬಿಟ್ಟರೆ ನಾಳೆ ಒಪ್ಪಂದದ ಮೇಜಿನಲ್ಲಿ ಚೌಕಾಸಿ ಮಾಡೋಕೆ ಕೈಯಲ್ಲಿ ಏನೂ ಇರಲ್ಲ.

ಒಪ್ಪಂದಗಳ ಕಡೆಗೆ ಬಂದರೆ, ಮೊದಲ ವರ್ಷಗಳಲ್ಲಿ ಮಾಡಿದ್ದರಲ್ಲಿ ಹೆಚ್ಚಿನವು ಹಳೆಯವೇ. ಒಕ್ಕೂಟದ ಮೂಲಕ ಸಿಕ್ಕಿದ್ದ ಕೊರಿಯಾ, ಕೆನಡಾ, ಸ್ವಿಟ್ಜರ್ಲೆಂಡ್ ಒಪ್ಪಂದಗಳನ್ನು ತಮ್ಮ ಹೆಸರಿಗೆ ಬರೆಸಿಕೊಂಡರು. ನಿಜಕ್ಕೂ ಹೊಸದು ಅಂದರೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್, 2024ರ ಡಿಸೆಂಬರ್‌ನಲ್ಲಿ ಸೇರಿದ ಪೆಸಿಫಿಕ್ ದೇಶಗಳ ಒಪ್ಪಂದ ಸಿಪಿಟಿಪಿಪಿ, ಆಮೇಲೆ ನಮ್ಮ ಭಾರತದ್ದು.

ಪ್ರಶ್ನೆ (ಲೆಸ್ಟರ್, ಬಟ್ಟೆ ಅಂಗಡಿ): ಅಕ್ಕಾ, ನಂದು ಸೀದಾ ಪ್ರಶ್ನೆ. ಬೆಂಗಳೂರಿಂದ ಕಾಟನ್ ಕುರ್ತಾ ತರಿಸ್ತೀನಿ, ಫೀಲಿಕ್ಸ್‌ಸ್ಟೋದಲ್ಲೇ ಡ್ಯೂಟಿ ಕಟ್ಟಿ ಬಿಡಿಸ್ಕೋತೀನಿ. ಡಬ್ಲಿನ್‌ನಲ್ಲಿ ಒಬ್ಬರು ಅಂಗಡಿಯವರು 200 ಪೀಸ್ ಕೇಳಿದರು, ಕಳಿಸಿದೆ. ಅಲ್ಲಿ ಮತ್ತೆ ಡ್ಯೂಟಿ ಕೇಳಿದ್ದಾರೆ. ಬ್ರಿಟನ್-ಯುರೋಪ್ ಮಧ್ಯೆ ಡ್ಯೂಟಿ ಸೊನ್ನೆ ಅಲ್ವಾ? ಕೊರಿಯರ್‌ನವರು ತಪ್ಪು ಮಾಡಿದ್ರಾ?

ಉತ್ತರ: ಇಲ್ಲಪ್ಪ, ಕೊರಿಯರ್‌ನವರು ಸರಿಯಾಗೇ ಮಾಡಿದ್ದಾರೆ. ನನಗೆ ಅತಿ ಹೆಚ್ಚು ಬರುವ ಫೋನ್ ಇದೇ, ಅದಕ್ಕೆ ಸ್ವಲ್ಪ ಉದ್ದವಾಗಿ ಹೇಳ್ತೀನಿ.

2020ರ ಡಿಸೆಂಬರ್ 24ಕ್ಕೆ ಆದ ಬ್ರಿಟನ್-ಒಕ್ಕೂಟ ಒಪ್ಪಂದದಲ್ಲಿ ಸುಂಕವೂ ಇಲ್ಲ, ಕೋಟಾವೂ ಇಲ್ಲ ಅನ್ನೋದು ನಿಜ. ಆದರೆ ಅದು ಬ್ರಿಟನ್ನಿನಲ್ಲಿ ಅಥವಾ ಒಕ್ಕೂಟದಲ್ಲಿ ತಯಾರಾದ ಮಾಲಿಗೆ ಮಾತ್ರ. ಬ್ರಿಟನ್ನಿನಿಂದ ಹೊರಟ ಮಾಲಿಗೆಲ್ಲ ಅಲ್ಲ. ನಿಮ್ಮ ಕುರ್ತಾ ಲೆಸ್ಟರ್‌ನ ಗೋಡೌನ್‌ನಲ್ಲಿ ಎಷ್ಟು ತಿಂಗಳು ಇದ್ದರೂ ಅದರ ಮೂಲ ಭಾರತವೇ. ಡಬ್ಲಿನ್ ಕಸ್ಟಮ್ಸ್‌ನವರು ಅದಕ್ಕೆ ಭಾರತದ ಮಾಲು ಅಂತಲೇ ಸುಂಕ ಹಾಕ್ತಾರೆ.

ನಿಮ್ಮ ಲೆಕ್ಕವನ್ನೇ ನೋಡಿ. ಪೀಸಿಗೆ 20 ಪೌಂಡ್ ಬಿಲ್ ಮಾಡಿದ್ದೀರಿ ಅಂದ್ಕೊಳ್ಳಿ, 200 ಪೀಸಿಗೆ 4,000. ಸಾಗಣೆ ವೆಚ್ಚ ಬಿಟ್ಟು ಒಕ್ಕೂಟದ ಉಡುಪಿನ ಸುಂಕ 12% ಅಂದರೂ 480 ಪೌಂಡ್ ಡ್ಯೂಟಿ. ಅದರ ಮೇಲೆ ಐರ್ಲೆಂಡಿನ 23% ವ್ಯಾಟ್, ಅಂದರೆ 4,480ರ ಮೇಲೆ 1,030 ಚಿಲ್ಲರೆ. ವ್ಯಾಟ್ ಬಿಡಿ, ಅಂಗಡಿಯವರು ರಿಜಿಸ್ಟರ್ ಆಗಿದ್ದರೆ ವಾಪಸ್ ಪಡೀತಾರೆ. ಆ 480 ಮಾತ್ರ ಹೋಯ್ತು ಅಂದರೆ ಹೋಯ್ತು. ನೀವು ಫೀಲಿಕ್ಸ್‌ಸ್ಟೋದಲ್ಲಿ ಮೊದಲೇ ಕಟ್ಟಿದ್ದು ಬೇರೆ.

2021ಕ್ಕೆ ಮುಂಚೆ ಫೀಲಿಕ್ಸ್‌ಸ್ಟೋದಲ್ಲಿ ಒಮ್ಮೆ ಕಟ್ಟಿದರೆ ಮಾಲು ಡಬ್ಲಿನ್‌ಗೋ ಬರ್ಲಿನ್‌ಗೋ ಯಾರನ್ನೂ ಕೇಳದೆ ಹೋಗ್ತಿತ್ತು. ಜಿಎಸ್‌ಟಿಗೆ ಮುಂಚೆ ಅತ್ತಿಬೆಲೆ ಚೆಕ್‌ಪೋಸ್ಟ್‌ನಲ್ಲಿ ಲಾರಿಗಳು ಕಾಗದ ಹಿಡಿದು ಸಾಲು ನಿಲ್ತಿದ್ದದ್ದು ನೆನಪಿದೆಯಲ್ಲ? ನಮ್ಮಲ್ಲಿ ಅದು 2017ರಲ್ಲಿ ಹೋಯಿತು. ಇಲ್ಲಿ ಇಲ್ಲದೇ ಇದ್ದದ್ದನ್ನು ತಂದು ಇಟ್ಟರು.

ಮುಂದಿನ ಸಲಕ್ಕೆ ಎರಡು ದಾರಿ ಇದೆ. ಆರ್ಡರ್ ಮೊದಲೇ ಗೊತ್ತಿದ್ದರೆ ಆ 200 ಪೀಸನ್ನು ಬೆಂಗಳೂರಿಂದಲೇ ಬೇರೆ ಬಿಲ್ ಮಾಡಿಸಿ ಸೀದಾ ಐರ್ಲೆಂಡಿಗೆ ಕಳಿಸಿ. ಮೊದಲೇ ಗೊತ್ತಿರಲ್ಲ ಅಂದರೆ ಮಾಲನ್ನು ಬಾಂಡೆಡ್ ವೇರ್‌ಹೌಸ್‌ನಲ್ಲಿ ಇಡಿ. ಅಲ್ಲಿ ಇರುವವರೆಗೆ ಬ್ರಿಟನ್ ಡ್ಯೂಟಿ ಕಟ್ಟಬೇಕಿಲ್ಲ. ಲೆಸ್ಟರ್‌ಗೆ ಬೇಕಾದಷ್ಟಕ್ಕೆ ಕಟ್ಟಿ ಬಿಡಿಸಿಕೊಳ್ಳಿ, ಡಬ್ಲಿನ್‌ನದ್ದನ್ನು ಟ್ರಾನ್ಸಿಟ್ ಕಾಗದದ ಮೇಲೆ ಹಾಗೇ ದಾಟಿಸಿ. ವೇರ್‌ಹೌಸ್ ಬಾಡಿಗೆ, ಏಜೆಂಟ್ ಫೀಸು ಎಲ್ಲ ಸೇರಿಸಿ ನೋಡಿದರೆ ಸಣ್ಣ ಆರ್ಡರ್‌ಗೆ ಇದು ಗಿಟ್ಟಲ್ಲ, ಅದನ್ನೂ ಹೇಳಿಬಿಡ್ತೀನಿ.

ಅದೇ ಸದಸ್ಯರು: ಅಕ್ಕಾ, ಇಲ್ಲೇ ಲೇಬಲ್ ಹೊಲಿದು ಇಸ್ತ್ರಿ ಮಾಡಿ ಪ್ಯಾಕ್ ಮಾಡ್ತೀವಿ. ಅದನ್ನ ‘ಬ್ರಿಟನ್ ಮಾಲು’ ಅನ್ನೋಕಾಗಲ್ವಾ?

ಉತ್ತರ: ಆಗಲ್ಲ. ಇಸ್ತ್ರಿ, ಲೇಬಲ್, ಪ್ಯಾಕಿಂಗ್ ಎಷ್ಟು ಮಾಡಿದರೂ ಮೂಲ ಬದಲಾಗಲ್ಲ ಅಂತ ಒಪ್ಪಂದದಲ್ಲೇ ಬರೆದಿದೆ. ಉಡುಪಿಗಂತೂ ನಿಯಮ ಬಿಗಿ, ಹೊರಗಿಂದ ಬಟ್ಟೆ ತಂದು ಇಲ್ಲಿ ಬರೀ ಕತ್ತರಿಸಿ ಹೊಲಿದರೂ ಸಾಮಾನ್ಯವಾಗಿ ಸಾಲಲ್ಲ. ಡಿಕ್ಲರೇಶನ್‌ನಲ್ಲಿ ಮೂಲ ಬ್ರಿಟನ್ ಅಂತ ಬರೆದು ಕಳಿಸೋಣ ಅಂತ ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. ವರ್ಷಗಳ ನಂತರ ಪರಿಶೀಲನೆಗೆ ಬಂದರೂ ಉತ್ತರ ಹೇಳಬೇಕಾದವರು ನೀವು.

ಪ್ರಶ್ನೆ (ಬೆಲ್‌ಫಾಸ್ಟ್): ನಾವು ಬ್ರಿಟನ್ನಿನ ಒಳಗೇ ಇದ್ದೀವಿ, ಆದರೂ ಬರ್ಮಿಂಗ್‌ಹ್ಯಾಮ್‌ನಿಂದ ದಿನಸಿ ತರಿಸಿದರೆ ಕಾಗದ ಯಾಕೆ?

ಉತ್ತರ: ಐರ್ಲೆಂಡ್ ದ್ವೀಪದ ಮಧ್ಯೆ ಮತ್ತೆ ಗಡಿಗೇಟು ಬರಬಾರದು ಅಂತ ಉತ್ತರ ಐರ್ಲೆಂಡನ್ನು ಸರಕಿನ ವಿಷಯದಲ್ಲಿ ಒಕ್ಕೂಟದ ನಿಯಮಗಳೊಳಗೇ ಬಿಟ್ಟರು. ಹಾಗಾಗಿ ತಪಾಸಣೆ ಸಮುದ್ರದ ಮೇಲೆ ಬಂತು. 2023ರ ವಿಂಡ್ಸರ್ ಫ್ರೇಮ್‌ವರ್ಕ್ ಬಂದ ಮೇಲೆ ಅಲ್ಲೇ ಮಾರಾಟವಾಗುವ ಮಾಲಿಗೆ ಗ್ರೀನ್ ಲೇನ್, ಅಂದರೆ ಕಾಗದ-ತಪಾಸಣೆ ಕಡಿಮೆ ಇರುವ ದಾರಿ ಇದೆ. ನಿಮಗೆ ಕಳಿಸುವವರು ಆ ಯೋಜನೆಯಲ್ಲಿ ನೋಂದಾಯಿಸಿದ್ದಾರಾ ಕೇಳಿ. ಡಬ್ಬದ ಮೇಲೆ ‘ಒಕ್ಕೂಟಕ್ಕಲ್ಲ’ ಅನ್ನೋ ಅರ್ಥದ ಚೀಟಿ ಕಂಡರೆ ಅದಕ್ಕೇ.

ಪ್ರಶ್ನೆ (ಪೀಣ್ಯ, ಗಾರ್ಮೆಂಟ್ಸ್ ರಫ್ತು): ಮೇಡಂ, ಬಾಂಗ್ಲಾದೇಶದ ಟೀ ಶರ್ಟ್ ಬ್ರಿಟನ್ನಿಗೆ ಸೊನ್ನೆ ಡ್ಯೂಟಿಯಲ್ಲಿ ಹೋಗುತ್ತೆ, ನಮಗೆ ಡ್ಯೂಟಿ. ಈಗ ಭಾರತದ ಒಪ್ಪಂದದಿಂದ ನಮ್ಮ ರೇಟು ಸುಧಾರಿಸುತ್ತಾ?

ಉತ್ತರ: ಹಿಂದುಳಿದ ದೇಶ ಅನ್ನೋ ಕಾರಣಕ್ಕೆ ಬಾಂಗ್ಲಾಕ್ಕೆ ಆ ಸೌಲಭ್ಯ, ಅದು ಒಕ್ಕೂಟದ ಕಾಲದಿಂದಲೂ ಇದೆ. ಭಾರತದ ಜೊತೆ ಮಾತುಕತೆ 2022ರ ಜನವರಿಯಲ್ಲಿ ಶುರುವಾಯಿತು. ‘ದೀಪಾವಳಿಯೊಳಗೆ’ ಅಂತ ಆಗಿನ ಬ್ರಿಟನ್ ಪ್ರಧಾನಿ ಬೋರಿಸ್ ಜಾನ್ಸನ್ ಹೇಳಿದ್ದರು. ಆ ದೀಪಾವಳಿ ಬರುವಷ್ಟರಲ್ಲಿ ಅವರೂ ಇಳಿದಿದ್ದರು, ಅವರ ನಂತರದ ಲಿಜ್ ಟ್ರಸ್ ಕೂಡ ರಾಜೀನಾಮೆ ಕೊಟ್ಟಾಗಿತ್ತು. ಕೊನೆಗೆ ಸಹಿ ಬಿದ್ದದ್ದು 2025ರ ಜುಲೈ 24ಕ್ಕೆ, ಪ್ರಧಾನಿಗಳಾದ ಸ್ಟಾರ್ಮರ್ ಮತ್ತು ಮೋದಿ ಅವರ ಎದುರು. ಭಾರತದ ಮಾಲಿನಲ್ಲಿ ಸುಂಕಪಟ್ಟಿಯ ಶೇಕಡಾ 99ರಷ್ಟು ಸಾಲುಗಳಿಗೆ ಬ್ರಿಟನ್‌ನಲ್ಲಿ ಸೊನ್ನೆ, ಉಡುಪು ಅದರೊಳಗೆ ಬರುತ್ತೆ. ಪ್ರತಿಯಾಗಿ ಸ್ಕಾಚ್ ವಿಸ್ಕಿಗೆ ನಾವು ಹಾಕ್ತಿದ್ದ 150% ಮೊದಲು 75ಕ್ಕೆ, ಹತ್ತು ವರ್ಷದಲ್ಲಿ 40ಕ್ಕೆ.

ಸಹಿ ಬೇರೆ, ಜಾರಿ ಬೇರೆ ಅನ್ನೋದು ನೆನಪಿರಲಿ. ಆಸ್ಟ್ರೇಲಿಯಾ ಒಪ್ಪಂದಕ್ಕೆ 2021ರ ಡಿಸೆಂಬರ್‌ನಲ್ಲಿ ಸಹಿ, ಜಾರಿ 2023ರ ಮೇ 31ಕ್ಕೆ. ನೀವು ಕಂಟೇನರ್ ಬುಕ್ ಮಾಡುವ ದಿನ ಬ್ರಿಟನ್ ಸರ್ಕಾರದ ಟ್ಯಾರಿಫ್ ವೆಬ್‌ಸೈಟ್‌ನಲ್ಲಿ ನಿಮ್ಮ ಮಾಲಿನ ಸುಂಕಪಟ್ಟಿ ಕೋಡ್ ಹಾಕಿ ನೋಡಿ, ವಾಟ್ಸಾಪ್ ಫಾರ್ವರ್ಡ್ ನಂಬಬೇಡಿ.

ರೇಟಿನ ವಿಷಯಕ್ಕೆ ಬಂದರೆ, ಡ್ಯೂಟಿ ಕಟ್ಟುವವರು ಇಲ್ಲಿನ ಬೈಯರ್, ನೀವಲ್ಲ. ಹಾಗಾಗಿ ಉಳಿಯುವ ದುಡ್ಡು ಮೊದಲು ಅವರ ಜೇಬಿಗೆ. ‘ಡ್ಯೂಟಿ ಹೋಯಿತಲ್ಲ, ನಿಮ್ಮ ಎಫ್‌ಒಬಿ ರೇಟು (ಹಡಗಿಗೆ ಹತ್ತಿಸುವವರೆಗಿನ ಬೆಲೆ) ಹಾಗೇ ಇರಲಿ’ ಅಂತ ಅವರು ಅನ್ನೋದು ಸಹಜ. ನಿಮಗೆ ಪಾಲು ಬೇಕಿದ್ದರೆ ಕಾಂಟ್ರಾಕ್ಟ್ ಮಾತಾಡುವಾಗಲೇ ಕೇಳಬೇಕು. ಮೂಲದ ದಾಖಲೆ ಸರಿಯಾಗಿ ಕೊಡಬಲ್ಲವರು ನೀವೇ, ಆ ಕಾಗದ ಇಲ್ಲದೆ ಅವರಿಗೆ ಸೊನ್ನೆ ಸಿಗಲ್ಲ. ನಿಮ್ಮ ಕೈಯಲ್ಲಿರುವ ಹಿಡಿತ ಅದೊಂದೇ. ನೂಲು, ಬಟ್ಟೆ ಚೀನಾದಿಂದ ತರಿಸೋರಾದರೆ ಮೂಲದ ನಿಯಮವನ್ನು ಮೊದಲು ಓದಿ, ಆಮೇಲೆ ಬೈಯರ್‌ಗೆ ಮಾತು ಕೊಡಿ.

ಪ್ರಶ್ನೆ (ಚಿಕ್ಕಮಗಳೂರು): ಕಾಫಿಗೆ ಏನಾದರೂ ಅನುಕೂಲ?

ಉತ್ತರ: ಹಸಿ ಬೀಜಕ್ಕೆ ಮುಂಚೆಯೂ ಡ್ಯೂಟಿ ಇರಲಿಲ್ಲ, ಈಗಲೂ ಇಲ್ಲ. ಒಕ್ಕೂಟದಲ್ಲೂ ಅಷ್ಟೇ. ಹುರಿದ ಕಾಫಿ, ಇನ್‌ಸ್ಟಂಟ್ ಪುಡಿ ಕಳಿಸುವವರಿಗೆ ಒಪ್ಪಂದದಿಂದ ಲಾಭ. ನಿಮಗೆ ತಟ್ಟುವ ವ್ಯತ್ಯಾಸ ಬೇರೆ ಕಡೆ ಇದೆ. ಕಾಡು ಕಡಿದ ಜಾಗದಲ್ಲಿ ಬೆಳೆದದ್ದಲ್ಲ ಅಂತ ತೋಟದ ಜಿಪಿಎಸ್ ಗುರುತಿನ ಸಮೇತ ತೋರಿಸಬೇಕು ಅನ್ನೋ ಕಾನೂನನ್ನು ಒಕ್ಕೂಟ 2023ರಲ್ಲಿ ಮಾಡಿದೆ, ಜಾರಿ ದಿನಾಂಕ ಮುಂದಕ್ಕೆ ಹೋಗ್ತಾ ಬಂದಿದೆ. ಇಂಗ್ಲೆಂಡಿನ ಗಿರಾಕಿಗೆ ಅದು ನೇರವಾಗಿ ಅನ್ವಯಿಸಲ್ಲ. ಆದರೆ ಆ ಗಿರಾಕಿ ಹುರಿದು ಜರ್ಮನಿಗೆ ಮಾರುವವನಾದರೆ ತೋಟದ ಗುರುತು ನಿಮ್ಮನ್ನೇ ಕೇಳ್ತಾನೆ. ಮ್ಯಾಪಿಂಗ್ ಮಾಡಿಸಿಟ್ಟುಕೊಳ್ಳಿ.

ಪ್ರಶ್ನೆ (ಮೈಸೂರು, ನಿವೃತ್ತ ಬ್ಯಾಂಕ್ ಉದ್ಯೋಗಿ): ಏನಮ್ಮಾ, ಇಷ್ಟೆಲ್ಲ ಹೇಳಿದೆ. ಒಟ್ಟಾರೆ ಲಾಭವೋ ನಷ್ಟವೋ? ಟರ್ಕಿ ಥರ ಕಸ್ಟಮ್ಸ್ ಒಕ್ಕೂಟವನ್ನಾದರೂ (ಯುರೋಪಿನ ಜೊತೆ ಒಂದೇ ಸುಂಕಪಟ್ಟಿ) ಉಳಿಸಿಕೊಳ್ಳಬಹುದಿತ್ತಲ್ಲ?

ಉತ್ತರ: ಅಂಕಲ್, ಟರ್ಕಿ ಪಾಡು ಬ್ರಿಟನ್ ಒಪ್ಪುವಂಥದ್ದಲ್ಲ. ಒಕ್ಕೂಟ ಮೂರನೇ ದೇಶದ ಜೊತೆ ಒಪ್ಪಂದ ಮಾಡಿದರೆ ಆ ದೇಶದ ಮಾಲಿಗೆ ಟರ್ಕಿಯ ಬಾಗಿಲೂ ತೆರೆಯುತ್ತೆ, ಟರ್ಕಿ ಮಾಲಿಗೆ ಆ ದೇಶದ ಬಾಗಿಲು ತಾನಾಗೇ ತೆರೆಯಲ್ಲ. ಮಾತುಕತೆಯಲ್ಲಿ ಕುರ್ಚಿಯೂ ಇಲ್ಲ. ಹಾಗೆ ಇದ್ದಿದ್ದರೆ ಭಾರತದ ಜೊತೆ ಬೇರೆ ಒಪ್ಪಂದವೇ ಆಗ್ತಿರಲಿಲ್ಲ.

ಲೆಕ್ಕ ಕೇಳಿದಿರಲ್ಲ. ಬ್ರಿಟನ್ ಸರ್ಕಾರದ್ದೇ ಅಂದಾಜಿನಲ್ಲಿ ಆಸ್ಟ್ರೇಲಿಯಾ ಒಪ್ಪಂದದಿಂದ ದೀರ್ಘಾವಧಿಯಲ್ಲಿ ಜಿಡಿಪಿಗೆ 0.08%, ಭಾರತದ್ದರಿಂದ 0.13%. ಒಕ್ಕೂಟ ಬಿಟ್ಟದ್ದರಿಂದ ಬ್ರಿಟನ್ನಿನ ಉತ್ಪಾದಕತೆ ದೀರ್ಘಾವಧಿಯಲ್ಲಿ 4% ಕಡಿಮೆ ಅಂತ ಇಲ್ಲಿನ ಬಜೆಟ್ ಸಂಸ್ಥೆ ಒಬಿಆರ್ ಲೆಕ್ಕ ಹಾಕಿದೆ. ರಾಜಕೀಯವಾಗಿ ಸ್ವಾತಂತ್ರ್ಯಕ್ಕೆ ಬೆಲೆ ಇದೆ ಅನ್ನುವವರನ್ನು ನಾನು ಅಲ್ಲಗಳೆಯಲ್ಲ. ಅಮೆರಿಕ 2025ರಲ್ಲಿ ಸುಂಕ ಏರಿಸಿದಾಗ ಬ್ರಿಟನ್ನಿಗೆ 10%, ಒಕ್ಕೂಟಕ್ಕೆ ಅದಕ್ಕಿಂತ ಹೆಚ್ಚು ಬಿತ್ತು, ಅದೂ ನಿಜ. ಆದರೆ ಸಿಡ್ನಿ ಎಲ್ಲಿ, ಪಕ್ಕದ ಫ್ರಾನ್ಸಿನ ಕ್ಯಾಲೆ ಬಂದರು ಎಲ್ಲಿ? ಸಣ್ಣ ವ್ಯಾಪಾರಿ ಮಾರುವುದು ಹತ್ತಿರದವರಿಗೆ. ಒಂದು ಟ್ರೇಲರ್‌ನಲ್ಲಿ ಇಪ್ಪತ್ತು ಜನರ ಮಾಲಿದ್ದು, ಒಬ್ಬರ ಚೀಸ್‌ನ ಹೆಲ್ತ್ ಸರ್ಟಿಫಿಕೇಟ್‌ನಲ್ಲಿ ಒಂದು ಸಹಿ ತಪ್ಪಿದರೆ ಇಪ್ಪತ್ತೂ ನಿಲ್ಲುತ್ತೆ. ದೊಡ್ಡ ಕಂಪನಿ ಅದಕ್ಕಂತಲೇ ಜನ ಇಟ್ಟುಕೊಳ್ಳುತ್ತೆ, ಸಣ್ಣವರು ಯುರೋಪಿಗೆ ಮಾರುವುದನ್ನೇ ಬಿಡ್ತಾರೆ. ತಮಾಷೆ ಅಂದರೆ, ಒಕ್ಕೂಟ ಮೊದಲ ದಿನದಿಂದಲೇ ಬ್ರಿಟನ್ ಮಾಲು ತಪಾಸಣೆ ಮಾಡಿತು. ಬ್ರಿಟನ್ ಅಲ್ಲಿಂದ ಬರುವ ಆಹಾರದ ತಪಾಸಣೆಯನ್ನು 2024ರವರೆಗೆ ಮುಂದೂಡುತ್ತಲೇ ಹೋಯಿತು. 2025ರ ಮೇ 19ಕ್ಕೆ ಲಂಡನ್‌ನಲ್ಲಿ ಕೂತು, ಆಹಾರ ಮತ್ತು ಸಸ್ಯಗಳ ತಪಾಸಣೆ ಇಳಿಸುವ ಒಪ್ಪಂದಕ್ಕೆ ಎರಡೂ ಕಡೆ ಒಪ್ಪಿಕೊಂಡವು. ಅದಕ್ಕೆ ಬ್ರಿಟನ್ ಮತ್ತೆ ಒಕ್ಕೂಟದ ಆಹಾರ ನಿಯಮಗಳನ್ನು ಅನುಸರಿಸಬೇಕು, ಆ ನಿಯಮ ಬರೆಯುವಾಗ ಬ್ರಿಟನ್ನಿಗೆ ಮತ ಇರಲ್ಲ. ನನ್ನ ಕೇಳಿದರೆ ಇದು ಒಳ್ಳೇ ವ್ಯಾಪಾರ, ಆದರೆ 2016ರ ಬ್ರೆಕ್ಸಿಟ್ ಜನಮತದಲ್ಲಿ ಯಾರೂ ಹೀಗಂತ ಮತ ಕೇಳಿರಲಿಲ್ಲ.

ಪ್ರಶ್ನೆ (ವೈಟ್‌ಫೀಲ್ಡ್, ಐಟಿ): ಲಂಡನ್ ಪ್ರಾಜೆಕ್ಟಿಗೆ ಹೋಗೋರಿಗೆ?

ಉತ್ತರ: ನನ್ನದು ಸರಕಿನ ಕೆಲಸ, ಒಂದೇ ಮಾತು ಹೇಳ್ತೀನಿ. ಭಾರತದ ಒಪ್ಪಂದದ ಜೊತೆಗೆ ಸಾಮಾಜಿಕ ಭದ್ರತೆಯ ಒಪ್ಪಂದವೂ ಇದೆ. ಕಂಪನಿ ತಾತ್ಕಾಲಿಕವಾಗಿ ಕಳಿಸಿದವರು ನಿಗದಿತ ಅವಧಿಯವರೆಗೆ ಎರಡೂ ದೇಶದಲ್ಲಿ ವಂತಿಗೆ ಕಟ್ಟಬೇಕಿಲ್ಲ, ಭಾರತದಲ್ಲಿ ಪಿಎಫ್ ಕಟ್ಟಿದರೆ ಸಾಕು ಅನ್ನೋದು ಅದರ ತಿರುಳು. ವೀಸಾ ನಿಯಮ ಬೇರೆ.

ಲೆಸ್ಟರ್ ಸದಸ್ಯರು: ಅಕ್ಕಾ, ಕೊನೇದಾಗಿ. ಕುರ್ತಾಕ್ಕೆ ಯಾವ ಕೋಡ್ ಹಾಕಲಿ? ಹಿಂದಿನ ಏಜೆಂಟ್ ಎಲ್ಲದಕ್ಕೂ ಟೀ ಶರ್ಟ್ ಕೋಡ್ ಹಾಕಿದ್ದರು.

ಉತ್ತರ: ಅಯ್ಯೋ, ಅದು ಸರಿಯಲ್ಲ. ಹೆಣೆದ ಬಟ್ಟೆಯ ಉಡುಪು ಸುಂಕಪಟ್ಟಿಯ 61ನೇ ಅಧ್ಯಾಯ, ನೇಯ್ದದ್ದು 62. ಹೆಂಗಸರದ್ದು, ಗಂಡಸರದ್ದು ಬೇರೆ, ಕಾಟನ್ನೋ ಪಾಲಿಯೆಸ್ಟರ್ರೋ ಅಂತ ಬೇರೆ. ಬಟ್ಟೆಯ ಒಳಗಿನ ಲೇಬಲ್ ಮತ್ತು ಹಿಂದಿನ ಇನ್‌ವಾಯ್ಸ್‌ನ ಫೋಟೋ ನನಗೆ ಮೆಸೇಜ್ ಮಾಡಿ, ಬೆಲೆ ಮುಚ್ಚಿದರೂ ಪರವಾಗಿಲ್ಲ. ಸೋಮವಾರ ನೋಡಿ ಹೇಳ್ತೀನಿ. ಅಲ್ಲಿಯವರೆಗೆ ಮುಂದಿನ ಕನ್ಸೈನ್‌ಮೆಂಟ್ ಬಿಡಿಸಬೇಡಿ.