ಮಳೆಗಾಲದಲ್ಲಿ ಕಪ್ಪು ಪೇಂಟ್ ಬಿಳಿಚಿಕೊಳ್ಳುತ್ತಿದೆ: 1/24 ಬೀಟಲ್ ಕಿಟ್

ಕಡಲತಡಿ_ಕಿಟ್

ಎಲ್ಲರಿಗೂ ನಮಸ್ಕಾರ. ಜೋಡಿಸುವ ಪ್ಲಾಸ್ಟಿಕ್ ಕಾರಿನ ಕಿಟ್: ತಮಿಯಾ ಕಂಪನಿಯ 1/24 (ನಿಜವಾದ ಕಾರಿನ 24ನೇ ಒಂದು ಅಳತೆ) ಫೋಕ್ಸ್‌ವ್ಯಾಗನ್ 1300 ಬೀಟಲ್, 1966ರ ಮಾದರಿ. ಜಾಗ ಮಂಗಳೂರು, ತಿಂಗಳು ಜುಲೈ, ಹೊರಗೆ ಬಿಡದ ಮಳೆ.

ಬಾಡಿಯನ್ನು ಸೋಪುನೀರಲ್ಲಿ ತೊಳೆದು ಒಣಗಿಸಿ, ಬೂದು ಪ್ರೈಮರ್ (ಬಣ್ಣ ಹಿಡಿಯಲು ಮೊದಲು ಹೊಡೆಯುವ ಪದರ) ಎರಡು ಕೋಟ್, ಮೇಲೆ ತಮಿಯಾ ಸ್ಪ್ರೇ ಕ್ಯಾನಿನ ಟಿಎಸ್-14 ಕಪ್ಪು ಮೂರು ಕೋಟ್ ಹೊಡೆದದ್ದು. ಮೊದಲೆರಡು ತೆಳು, ಮೂರನೆಯದು ಹೊಳಪು ಬರಲಿ ಅಂತ ಸ್ವಲ್ಪ ದಪ್ಪ. ಐದೇ ನಿಮಿಷಕ್ಕೆ ಚಾವಣಿಯ ಮೇಲೂ ಮುಂದಿನ ಮುಚ್ಚಳದ ಮೇಲೂ ಹಾಲು ಚೆಲ್ಲಿ ಒರೆಸಿದ ಹಾಗೆ ಬಿಳಿ ಮಬ್ಬು. ಬೆರಳಲ್ಲಿ ಉಜ್ಜಿದರೆ ಹೋಗುವುದಿಲ್ಲ. ಪಕ್ಕದ ಬಾಗಿಲುಗಳ ಮೇಲೆ ಅಷ್ಟಿಲ್ಲ.

ಇನ್ನೊಂದು: ಮಡ್‌ಗಾರ್ಡ್ ಅಂಚಿನಲ್ಲಿ ಕಪ್ಪು ಕೂರದೆ ಪ್ರೈಮರ್ ಇಣುಕುತ್ತಿದೆ. ಬಂಪರಿನ ಕ್ರೋಮ್ ಮೇಲೆ ಸ್ಪ್ರೂ (ಕಿಟ್ಟಿನ ಭಾಗಗಳನ್ನು ಹಿಡಿದಿಡುವ ಪ್ಲಾಸ್ಟಿಕ್ ಕಡ್ಡಿ) ಕತ್ತರಿಸಿದ ಗುರುತೂ ಎದ್ದು ಕಾಣುತ್ತದೆ. ಪೂರ್ತಿ ಪೇಂಟ್ ತೆಗೆದು ಮೊದಲಿಂದ ಶುರು ಮಾಡಬೇಕಾ ಮಾರಾಯ್ರೆ, ಇಲ್ಲಾ ಉಳಿಸಿಕೊಳ್ಳುವ ದಾರಿ ಇದೆಯಾ?

ಸಣ್ಣಗ್ಯಾರೇಜ್

ತೆಗೆಯಬೇಡಿ. ಪೇಂಟ್ ಕೆಟ್ಟಿಲ್ಲ, ಪ್ರೈಮರಿನ ತಪ್ಪೂ ಅಲ್ಲ. ಇದಕ್ಕೆ ಬ್ಲಶಿಂಗ್ ಅಂತಾರೆ.

ಟಿಎಸ್ ಸ್ಪ್ರೇ ಲ್ಯಾಕರ್ ಜಾತಿಯದು, ಅದರ ದ್ರಾವಕ ಬಲು ಬೇಗ ಆರುತ್ತದೆ. ಆರುವಾಗ ತಾನು ಕೂತ ಜಾಗದ ಶಾಖವನ್ನೂ ಎಳೆದುಕೊಂಡು ಹೋಗುತ್ತದೆ, ಅಂಗೈಗೆ ಸ್ಯಾನಿಟೈಸರ್ ಹಾಕಿಕೊಂಡಾಗ ತಣ್ಣಗಾಗುತ್ತದಲ್ಲ, ಹಾಗೆ. ಕೋಣೆಯಲ್ಲಿ 28 ಡಿಗ್ರಿ, ತೇವಾಂಶ 88% ಇದ್ದರೆ ಇಬ್ಬನಿ ಕಟ್ಟುವ ಮಟ್ಟ ಸುಮಾರು 26 ಡಿಗ್ರಿ. ಅಂದರೆ ಪೇಂಟಿನ ಪದರ ಎರಡು ಡಿಗ್ರಿ ತಣ್ಣಗಾದರೆ ಸಾಕು, ಗಾಳಿಯಲ್ಲಿದ್ದ ನೀರು ಅದರ ಮೇಲೆ ಕೂತು ಒಳಗೆ ಸಿಕ್ಕಿಕೊಳ್ಳುತ್ತದೆ. ಅದೇ 28 ಡಿಗ್ರಿಯಲ್ಲಿ ತೇವಾಂಶ 50%ಕ್ಕೆ ಇಳಿದರೆ ಪದರ 17ರ ಹತ್ತಿರಕ್ಕೆ ಬರುವವರೆಗೂ ಏನೂ ಆಗದು. ದಪ್ಪ ಕೋಟಿನಲ್ಲಿ ದ್ರಾವಕ ಜಾಸ್ತಿ, ತಂಪೂ ಜಾಸ್ತಿ. ಚಾವಣಿ, ಮುಂದಿನ ಮುಚ್ಚಳ ಮೇಲ್ಮುಖವಾಗಿರುವುದರಿಂದ ಅಲ್ಲಿ ಪೇಂಟ್ ಹೆಚ್ಚು ಕೂತಿದೆ, ಮಬ್ಬೂ ಅಲ್ಲೇ. ನೀವು ಬರೆದ ಲಕ್ಷಣಕ್ಕೆ ಸರಿಯಾಗಿ ಹೊಂದುತ್ತದೆ.

ಈಗ ಮಾಡಬೇಕಾದ್ದು: ಅದರ ಮೇಲೆ ತಕ್ಷಣ ಇನ್ನೊಂದು ದಪ್ಪ ಕೋಟ್ ಬೇಡ, ಕ್ಲಿಯರ್ (ಬಣ್ಣವಿಲ್ಲದ ಪಾರದರ್ಶಕ ಕೋಟ್) ಅಂತೂ ಬೇಡವೇ ಬೇಡ. ಕ್ಲಿಯರ್ ಹೊಡೆದರೆ ಮಬ್ಬು ಅದರಡಿ ಸಿಕ್ಕಿಕೊಳ್ಳುತ್ತದೆ. ಬಿಗಿ ಮುಚ್ಚಳದ ದೊಡ್ಡ ಪ್ಲಾಸ್ಟಿಕ್ ಡಬ್ಬಿ ತಗೊಳ್ಳಿ, 10 ಲೀಟರಿನದ್ದಾದರೂ ಇರಲಿ. ತಳದಲ್ಲಿ ಕಾಲು ಕೆಜಿ ಸಿಲಿಕಾ ಜೆಲ್ ಹಾಕಿ, ಬಾಡಿಯನ್ನು ಒಂದು ದಿನ ಒಳಗಿಡಿ. ಆಮೇಲೆ ಒಣ ಗಾಳಿಯಲ್ಲಿ ಅದೇ ಟಿಎಸ್-14 ಅನ್ನು 25 ಸೆಂಮೀ ದೂರದಿಂದ ಮಂಜಿನಂತೆ ಒಂದು ಕೋಟ್ ಹೊಡೆಯಿರಿ. ಹೊಸ ದ್ರಾವಕ ಹಳೆಯ ಪದರವನ್ನು ಸ್ವಲ್ಪ ಕರಗಿಸಿ ಬಾಯಿ ಬಿಡಿಸುತ್ತದೆ, ಒಳಗಿನ ತೇವ ಹೊರಗೆ ಹೋಗುತ್ತದೆ, ಮಬ್ಬು ಕಣ್ಣೆದುರೇ ಕರಗುತ್ತದೆ. ಏರ್‌ಬ್ರಷ್ (ಗಾಳಿಯ ಒತ್ತಡದಲ್ಲಿ ಪೇಂಟ್ ಸಿಂಪಡಿಸುವ ಪೆನ್ನಿನಂಥ ಉಪಕರಣ) ಇದ್ದರೆ ಮಿಸ್ಟರ್ ಕಲರ್ ಲೆವೆಲಿಂಗ್ ಥಿನ್ನರ್ ಒಂದನ್ನೇ ಕಡಿಮೆ ಒತ್ತಡದಲ್ಲಿ ಎರಡು ಸಲ ಹಾಯಿಸಿದರೂ ಆಗುತ್ತದೆ. ಅದರಲ್ಲಿ ಆರುವುದನ್ನು ನಿಧಾನಿಸುವ ರಿಟಾರ್ಡರ್ ಇದೆ. ಮೇಲ್ಮೈ ಒದ್ದೆಯಾಗಿ ಕಂಡ ಕೂಡಲೇ ನಿಲ್ಲಿಸಿ. ಜಾಸ್ತಿಯಾದರೆ ಪ್ರೈಮರ್ ದಾಟಿ ಪ್ಲಾಸ್ಟಿಕ್ಕಿಗೂ ಇಳಿಯುತ್ತದೆ.

ಹಾರ್ಡ್‌ವೇರ್ ಅಂಗಡಿಯ ಎನ್‌ಸಿ ಥಿನ್ನರ್ ಬಳಸಲು ಮನಸ್ಸಾಗುತ್ತದೆ, ದಯವಿಟ್ಟು ಬೇಡ. ಏರ್‌ಬ್ರಷ್ ತೊಳೆಯಲು ಅದು ಚೆನ್ನ, ಆದರೆ ಕಿಟ್ಟಿನ ಪ್ಲಾಸ್ಟಿಕ್ಕಾದ ಪಾಲಿಸ್ಟೈರೀನ್ ಮೇಲೆ ಬಿದ್ದರೆ ಮೈಯೆಲ್ಲ ಸೂಕ್ಷ್ಮ ಬಿರುಕು ಬಿಡುತ್ತದೆ.

ಮುಂದಿನ ಕೋಟ್‌ಗಳಿಗೆ ಮೊದಲು ಒಂದು ತೇವಾಂಶ ಮೀಟರ್ ಕೊಳ್ಳಿ. ಅದು 65%ಕ್ಕಿಂತ ಕೆಳಗೆ ತೋರಿಸುವವರೆಗೆ ಕ್ಯಾನ್ ಮುಟ್ಟಬೇಡಿ. ಏಸಿಯನ್ನು ಡ್ರೈ ಮೋಡ್‌ನಲ್ಲಿ ಮುಕ್ಕಾಲು ಗಂಟೆ ಓಡಿಸಿದರೆ ಕೋಣೆ ಅಲ್ಲಿಗೆ ಬರುತ್ತದೆ. ಹೊಡೆಯುವಾಗ ಏಸಿ ಆರಿಸಿ, ಸ್ಪ್ರೇ ಪೆಟ್ಟಿಗೆಯ (ಒಳಗಿಟ್ಟು ಪೇಂಟ್ ಹೊಡೆಯುವ, ಫ್ಯಾನ್ ಇರುವ ಪೆಟ್ಟಿಗೆ) ಗಾಳಿಯನ್ನು ಕಿಟಕಿಯಿಂದ ಹೊರಗೆ ಬಿಡಿ. ಫ್ಯಾನ್ ಬಹಳ ಹೊತ್ತು ಓಡಿದರೆ ಹೊರಗಿನ ತೇವವನ್ನೇ ಒಳಗೆ ಎಳೆಯುತ್ತದೆ. ಆದ್ದರಿಂದ ಒಂದು ಕೋಟ್ ಹೊಡೆದು ಬಾಡಿ ನೇರ ಡಬ್ಬಿಗೆ, ಆಮೇಲೆ ವಾಸನೆ ಹೋಗುವಷ್ಟು ಫ್ಯಾನ್. ಕ್ಯಾನಿನ ಅನಿಲ ಉರಿಯುವಂಥದ್ದು. ಗ್ಯಾಸ್ ಒಲೆ, ದೇವರ ದೀಪ ಹತ್ತಿರ ಇರಬಾರದು. ಬಟ್ಟೆಯ ಮಾಸ್ಕ್ ದ್ರಾವಕದ ಆವಿಯನ್ನು ತಡೆಯುವುದಿಲ್ಲ, ಇದ್ದಿಲಿನ ಕಾರ್ಟ್ರಿಜ್ ಇರುವುದೇ ಬೇಕು.

ಕ್ಯಾನನ್ನು 40 ಡಿಗ್ರಿ ನೀರಲ್ಲಿ, ಅಂದರೆ ಕೈಗೆ ಹಿತವಾದ ಬಿಸಿನೀರಲ್ಲಿ, ಹತ್ತು ನಿಮಿಷ ಇಡಿ. ಒಳಗಿನ ಒತ್ತಡ ಏರಿ ಹನಿ ಸಣ್ಣದಾಗುತ್ತದೆ. ಕುದಿಯುವ ನೀರು, ಒಲೆಯ ಪಕ್ಕ, ಎಂದಿಗೂ ಬೇಡ.

ಸ್ಪ್ರೂ_ಕಟ್ಟರ್

ಮೇಲಿನದ್ದೆಲ್ಲ ಒಪ್ಪುತ್ತೇನೆ. ಅಂಚಿನ ವಿಷಯಕ್ಕೆ ಬರುತ್ತೇನೆ.

ಹಸಿ ಪೇಂಟ್ ಮೊನಚು ಅಂಚಿನಿಂದ ಹಿಂದೆ ಸರಿಯುತ್ತದೆ, ಮೇಲ್ಮೈ ಸೆಳೆತದ ಗುಣವೇ ಅದು. ಹಾಗಾಗಿ ಎಷ್ಟು ದಪ್ಪ ಹೊಡೆದರೂ ಅಂಚು ತುಂಬುವುದಿಲ್ಲ, ಪಕ್ಕದ ಸಂದು ಮಾತ್ರ ತುಂಬಿಹೋಗುತ್ತದೆ. ಮೊದಲ ಕೋಟನ್ನು ಇಡೀ ಬಾಡಿಯ ಮೇಲೆ ಹಾಯಿಸದೆ, ಮಡ್‌ಗಾರ್ಡ್ ಅಂಚು, ಬಾಗಿಲ ಸಂದು, ಗಾಜಿನ ಚೌಕಟ್ಟು, ಇವಕ್ಕೆ ಮಾತ್ರ ಮಂಜಿನಂತೆ ಹೊಡೆದು ಹತ್ತು ನಿಮಿಷ ಬಿಡಬೇಕು. ಆಮೇಲೆ ಉಳಿದದ್ದು. ಕಪ್ಪು ಕಾರಿಗೆ ಬೂದು ಪ್ರೈಮರಿನ ಬದಲು ಕಪ್ಪು ಪ್ರೈಮರ್ ಹಾಕಿದ್ದರೆ ಅರ್ಧ ತೊಂದರೆ ಇರುತ್ತಿರಲಿಲ್ಲ.

ಈಗ ಇಣುಕುತ್ತಿರುವ ಜಾಗಕ್ಕೆ ಸ್ಪ್ರೇ ಬೇಕಿಲ್ಲ. ಕ್ಯಾನಿನ ಬಾಯಿಗೆ ಸ್ಟ್ರಾ ಸಿಕ್ಕಿಸಿ ಸಣ್ಣ ಗಾಜಿನ ಬಟ್ಟಲಿಗೆ ಒಂದೆರಡು ಮಿಲಿ ಪೇಂಟ್ ಇಳಿಸಿಕೊಳ್ಳಿ. ಅದು ಸೋಡಾದಂತೆ ಗುಳ್ಳೆ ಬಿಡುತ್ತದೆ, ಒಳಗೆ ಅನಿಲ ಇನ್ನೂ ಇದೆ ಅಂತ ಅರ್ಥ. ಬಟ್ಟಲಿನ ಬಾಯಿ ಬಿಗಿಯಾಗಿ ಮುಚ್ಚದೆ ಅರ್ಧ ಗಂಟೆ ಬಿಟ್ಟು, ಗುಳ್ಳೆ ನಿಂತ ಮೇಲೆ 0 ನಂಬರ್ ಬ್ರಷ್‌ನಿಂದ ಅಂಚಿನುದ್ದಕ್ಕೆ ಒಂದೇ ಎಳೆತ. ಅದೇ ಜಾಗವನ್ನು ಎರಡನೇ ಸಲ ಉಜ್ಜಿದರೆ ಕೆಳಗಿನ ಪದರ ಎದ್ದುಬರುತ್ತದೆ.

ಕ್ಲಿಯರ್ ಹಾಕಬೇಕೇ ಅಂತ ಮುಂದೆ ಕೇಳುತ್ತೀರಿ, ಅದಕ್ಕೇ ಈಗಲೇ ಹೇಳುತ್ತೇನೆ: ಕಪ್ಪು ಸಾದಾ ಬಣ್ಣ, ಡೆಕಾಲ್ (ಅಂಟಿಸುವ ಚಿತ್ರ) ಇಲ್ಲ, ಹಾಗಾಗಿ ಬೇಡ. 1/24ರಲ್ಲಿ 0.1 ಮಿಮೀ ಪೇಂಟ್ ಅಂದರೆ ನಿಜವಾದ ಕಾರಿನ ಮೇಲೆ 2.4 ಮಿಮೀ ಬಳಿದ ಹಾಗೆ. ಬಾಗಿಲ ಸಂದು 5 ಮಿಮೀ ಇದ್ದರೆ ಮಾಡೆಲಿನಲ್ಲಿ ಅದು 0.2 ಮಿಮೀ. ಪ್ರತಿ ಕೋಟ್ ಎರಡೂ ಕಡೆಯಿಂದ ಆ ಸಂದನ್ನು ತಿನ್ನುತ್ತದೆ.

ಸಣ್ಣಗ್ಯಾರೇಜ್

ಇಲ್ಲಿ ಒಪ್ಪಿಗೆ ಇಲ್ಲ. ಕ್ಲಿಯರ್ ಇಲ್ಲದೆ ಪಾಲಿಶ್ ಮಾಡಿದರೆ ಕಪ್ಪೇ ಸವೆಯುತ್ತದೆ, ಅಂಚಿನಲ್ಲಿ ಮತ್ತೆ ಬೂದು ಕಾಣುತ್ತದೆ. ಟಿಎಸ್-13 ಕ್ಲಿಯರ್ ಎರಡು ತೆಳು ಕೋಟ್ ಇದ್ದರೆ ಉಜ್ಜಲು ಜಾಗ ಸಿಗುತ್ತದೆ. ಸಂದು ಮುಚ್ಚಿಕೊಳ್ಳುವ ಭಯಕ್ಕೆ ಮದ್ದು ಪ್ರೈಮರಿಗೂ ಮುಂಚಿನದ್ದು: ಬ್ಲೇಡಿನ ಬೆನ್ನಿನಿಂದ ಪ್ರತಿ ಸಂದಿನಲ್ಲೂ ಎರಡು ಮೂರು ಸಲ ಹಗುರವಾಗಿ ಎಳೆದು ಆಳ ಮಾಡಿಕೊಳ್ಳುವುದು. ಈ ಕಿಟ್‌ಗೆ ಆ ಹೊತ್ತು ಮೀರಿದೆ, ಆದ್ದರಿಂದ ಎರಡಕ್ಕಿಂತ ಹೆಚ್ಚು ಬೇಡ.

ಸ್ಪ್ರೂ_ಕಟ್ಟರ್

ಎರಡು ತೆಳು ಕೋಟ್ ಅಂದರೆ ಸರಿ. ಆದರೆ ಉಜ್ಜುವ ಮುಂಚೆ ಕಾಯಬೇಕು. ಒಣ ಹವೆಯಲ್ಲಿ ಒಂದು ವಾರ, ಕರಾವಳಿಯ ಜುಲೈನಲ್ಲಿ ಎರಡು. ಮೂಗಿನ ಹತ್ತಿರ ಹಿಡಿದಾಗ ದ್ರಾವಕದ ವಾಸನೆ ಇನ್ನೂ ಬಂದರೆ ಆಗಿಲ್ಲ ಅಂತಲೇ. ಬೇಗ ಉಜ್ಜಿದರೆ ಆಗ ಹೊಳೆಯುತ್ತದೆ, ಒಳಗಿನ ದ್ರಾವಕ ಆರಿದಂತೆ ಪದರ ಕುಗ್ಗಿ ಕಿತ್ತಳೆ ಸಿಪ್ಪೆಯ ಗುಳಿ ಮತ್ತೆ ಏಳುತ್ತದೆ.

ಉಜ್ಜುವಾಗ ಬಾಡಿಯ ಉಬ್ಬಿದ ಗೆರೆಗಳ ಮೇಲೆ 2 ಮಿಮೀ ಮಾಸ್ಕಿಂಗ್ ಟೇಪ್ ಅಂಟಿಸಿ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿದ ನೀರಲ್ಲಿ 2000 ನಂಬರಿನ ವಾಟರ್ ಪೇಪರ್ (ನೀರಲ್ಲಿ ಉಜ್ಜುವ ಮರಳು ಕಾಗದ), ನಂತರ 3000. ಗುಂಡಗೆ ತಿರುಗಿಸಬೇಡಿ, ಒಂದೇ ದಿಕ್ಕಿಗೆ ಎಳೆಯಿರಿ. ನೀರು ಕಪ್ಪಾದರೆ ಕ್ಲಿಯರ್ ದಾಟಿದ್ದೀರಿ, ಅಲ್ಲೇ ನಿಲ್ಲಿ. ಆಮೇಲೆ ತಮಿಯಾ ಕಾಂಪೌಂಡ್ (ಪಾಲಿಶ್ ಪೇಸ್ಟ್) ಫೈನ್, ಕೊನೆಗೆ ಫಿನಿಶ್, ಎರಡಕ್ಕೂ ಬೇರೆ ಬೇರೆ ಬಟ್ಟೆ. ತರಿಯಾದ ಕೋರ್ಸ್ ಪೇಸ್ಟ್ ಬೇಕಿಲ್ಲ.

ಬಂಪರ್_ಬಾಕ್ಸ್

ಕ್ರೋಮ್ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ಕಿಟ್ಟಿನ ಕ್ರೋಮ್ ಅಂದರೆ ಲ್ಯಾಕರ್ ಪದರದ ಮೇಲೆ ಕೂರಿಸಿದ ಅತಿ ತೆಳು ಅಲ್ಯೂಮಿನಿಯಂ. ಬಟ್ಟೆಗೆ ಹಾಕುವ ಬ್ಲೀಚ್ ದ್ರವದಲ್ಲಿ ಬಂಪರನ್ನು ಮುಳುಗಿಸಿಟ್ಟರೆ ಕ್ರೋಮ್ ಹೋಗುತ್ತದೆ, ಕೆಳಗಿನ ಲ್ಯಾಕರ್ ಉಳಿಯುತ್ತದೆ. ಕೈಗವಸು ಹಾಕಿ. ಆ ಬ್ಲೀಚ್ ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಒಂದೇ ಬಚ್ಚಲಲ್ಲಿ ಎರಡನ್ನೂ ಸುರಿಯಬೇಡಿ.

ನಂತರ ಸ್ಪ್ರೂ ಗುರುತು, ಅಚ್ಚಿನ ಗೆರೆ ಉಜ್ಜಿ, ಹೊಳಪಿನ ಕಪ್ಪು ಹೊಡೆದು, ಕನ್ನಡಿಯಂತೆ ನುಣುಪಾದ ಮೇಲೆ ಮೊಲೊಟೊ ಲಿಕ್ವಿಡ್ ಕ್ರೋಮ್ (ಕ್ರೋಮ್‌ನಂತೆ ಹೊಳೆಯುವ ಪೇಂಟ್). ಕೆಳಗಿನ ಕಪ್ಪು ಎಷ್ಟು ನುಣುಪೋ ಕ್ರೋಮ್ ಅಷ್ಟೇ ಹೊಳೆಯುತ್ತದೆ. ಮೂರ್ನಾಲ್ಕು ದಿನ ಬೆರಳು ತಾಗಿಸಬೇಡಿ. ಮೇಲೆ ಕ್ಲಿಯರ್ ಹೊಡೆದರೆ ಬೂದು ಬೆಳ್ಳಿಯಾಗುತ್ತದೆ. ಬಂಪರ್ ಕೂರಿಸುವಾಗ ಅಂಟು ತಾಗುವ ಜಾಗದ ಪೇಂಟ್ ಕೆರೆದು ಬರಿ ಪ್ಲಾಸ್ಟಿಕ್ ಕಾಣಿಸಬೇಕು, ಇಲ್ಲದಿದ್ದರೆ ಎಕ್ಸ್‌ಟ್ರಾ ಥಿನ್ ಸಿಮೆಂಟ್ (ಪ್ಲಾಸ್ಟಿಕ್ ಕರಗಿಸಿ ಅಂಟಿಸುವ ತೆಳು ಅಂಟು) ಹಿಡಿಯುವುದಿಲ್ಲ.

ಕಡಲತಡಿ_ಕಿಟ್

ಎಲ್ಲರಿಗೂ ಧನ್ಯವಾದ. ಬಾಡಿ ಒಂದು ದಿನ ಸಿಲಿಕಾ ಜೆಲ್ ಡಬ್ಬಿಯಲ್ಲಿತ್ತು. ಇವತ್ತು ಮೀಟರ್ 58% ತೋರಿಸಿದಾಗ ಒಂದು ಮಂಜಿನ ಕೋಟ್: ಚಾವಣಿಯ ಮಬ್ಬು ಪೂರ್ತಿ ಹೋಗಿದೆ, ಮುಂದಿನ ಮುಚ್ಚಳದಲ್ಲಿ ಎಂಟಾಣೆ ಅಗಲದಷ್ಟು ಉಳಿದಿದೆ. ಇನ್ನೊಂದು ಕೋಟ್ ಈಗಲೇ ಹೊಡೆಯಬಹುದಾ? ಗಾಜು ಅಂಟಿಸಲು ಸೂಪರ್ ಗ್ಲೂ ಆಗುತ್ತದಾ?

ಸಣ್ಣಗ್ಯಾರೇಜ್

ಇಂದು ಬೇಡ, ಬಾಡಿ ಇನ್ನೊಂದು ದಿನ ಡಬ್ಬಿಯಲ್ಲಿರಲಿ. ನಾಳೆ ಆ ಮಚ್ಚೆಯ ಮೇಲೆ ಮಾತ್ರ ಹೊಡೆಯದೆ ಮುಚ್ಚಳದ ಸಂದಿನಿಂದ ಸಂದಿನವರೆಗೆ ಹಾಯಿಸಿ, ಇಲ್ಲದಿದ್ದರೆ ಅಂಚು ಕಟ್ಟಿದ ಗುರುತು ಉಳಿಯುತ್ತದೆ. ಜೆಲ್ಲಿನ ಬಣ್ಣ ನೋಡಿಕೊಳ್ಳಿ. ಕಿತ್ತಳೆ ಹಸಿರಾಗಿದ್ದರೆ ತೇವ ಕುಡಿದಿದೆ, ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಿ.

ಗಾಜಿಗೆ ಸೂಪರ್ ಗ್ಲೂ ಬೇಡ. ಅದರ ಆವಿ ಗಾಜಿನ ಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ. ಬಿಳಿ ಫೆವಿಕಾಲನ್ನು ಟೂತ್‌ಪಿಕ್ ತುದಿಯಲ್ಲಿ ತೆಗೆದುಕೊಂಡು ಒಳಗಿನ ಚೌಕಟ್ಟಿಗೆ ಸಣ್ಣ ಚುಕ್ಕೆಗಳಾಗಿ ಇಟ್ಟು, ಗಾಜನ್ನು ಟೇಪಿನಲ್ಲಿ ಹಿಡಿದಿಟ್ಟು ರಾತ್ರಿಯಿಡೀ ಬಿಡಿ. ಒಣಗಿದರೆ ಪಾರದರ್ಶಕ. ಹೊರಗೆ ಚೆಲ್ಲಿದ್ದನ್ನು ಒದ್ದೆ ಇಯರ್‌ಬಡ್‌ನಲ್ಲಿ ಒರೆಸಬಹುದು.